ಒಂದು ವರ್ಷದ ಊರುಸೇವೆಗೆ ಆರು ವಾರದ ತಾಲೀಮು: ಮಲೆನಾಡಿಗೆ ಹೊರಡುವ ತಂಡಗಳಿಗೆ

1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯಿಂದಾಗಿ ನಮ್ಮ ಕಾಲೇಜಿನ ಹುಡುಗ ಹುಡುಗಿಯರಿಗೆ ಏಳು ದಿನದ ಶಿಬಿರ ಗೊತ್ತು. ಏಳು ದಿನ ಯಾರ ಜೊತೆಗಾದರೂ ಇರಬಹುದು, ಎಂಥ ಅಡುಗೆಯನ್ನಾದರೂ ಉಣ್ಣಬಹುದು. ಒಂದು ವರ್ಷ ಎಂದರೆ ಇಡೀ ಒಂದು ಮಳೆಗಾಲ, ಒಂದು ಅಡಿಕೆ ಕೊಯ್ಲು, ಮಂಗನ ಕಾಯಿಲೆಯ ಒಂದು ಹಂಗಾಮು, ಎರಡು ಗ್ರಾಮಸಭೆ. ಅಷ್ಟು ಕಾಲ ಆರೆಂಟು ಜನ ಒಂದೇ ಸೂರಿನಡಿ ಇದ್ದು ಊರಿನ ಕೆಲಸ ಮಾಡಬೇಕು. ಮಲೆನಾಡಿನಲ್ಲಿ ಇಂಥ ತಂಡಗಳು ಕೆಲಸ ಬಾರದೆ ಮುರಿಯುವುದು ಕಡಿಮೆ. ಒಣಗದ ಬಟ್ಟೆ, ಪಾತ್ರೆ ತೊಳೆಯುವ ಸರದಿಯ ಜಗಳ, ಊರವರಿಗೆ ಕೊಟ್ಟು ಮರೆತ ಮಾತು, ಹೆಚ್ಚಾಗಿ ಇವುಗಳಿಂದಲೇ ಮುರಿಯುತ್ತವೆ. ಆದ್ದರಿಂದ ಇಲ್ಲಿನ ಆರು ವಾರಗಳಲ್ಲಿ ದೊಡ್ಡ ಪಾಲು ಇವಕ್ಕೇ ಮೀಸಲಾಗಿದೆ.

ಯಾವ ಮಳೆಗೆ ಶುರು

ಬಹಳ ಜನ ಶಾಲಾ ವರ್ಷದ ಲೆಕ್ಕ ಹಿಡಿದು ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಜೂನ್‌ಗೆ ಊರು ಸೇರುತ್ತಾರೆ. ಮಲೆನಾಡಿಗೆ ಇದು ಸರಿಹೋಗುವುದಿಲ್ಲ. ಬಿಸಿಲಿನಲ್ಲಿ ಕಲಿತವರು ಜೂನ್ ಕೊನೆಯ ಆರಿದ್ರ ಮಳೆಯಲ್ಲಿ ಕೆಲಸಕ್ಕಿಳಿದರೆ ದಾರಿ ಗೊತ್ತಾಗುವ ಮೊದಲೇ ದಾರಿ ಮುಚ್ಚಿಹೋಗಿರುತ್ತದೆ. ಊರವರೂ ನಾಟಿಯ ಗಡಿಬಿಡಿಯಲ್ಲಿರುತ್ತಾರೆ.

ಮಘೆ ಮಳೆ ಹುಟ್ಟುವ ಆಗಸ್ಟ್ 16-17ರ ಹೊತ್ತಿಗೆ ತಾಲೀಮು ಶುರು ಮಾಡಿ. ಮಘೆ, ಹುಬ್ಬೆ, ಉತ್ತರೆ ಈ ಮೂರು ಮಳೆ ಕಳೆದು ಹಸ್ತ ಹುಟ್ಟುವ ಸೆಪ್ಟೆಂಬರ್ ಕೊನೆಗೆ ಸರಿಯಾಗಿ ಆರು ವಾರ. ಜುಲೈನ ಪುನರ್ವಸು, ಪುಷ್ಯ ಮಳೆಗಳ ಅಬ್ಬರ ಇಳಿದಿರುತ್ತದೆ. ಆದರೂ ಇಂಬಳ (ಜಿಗಣೆ), ಜಾರಿಕೆ, ಕರೆಂಟ್ ಇಲ್ಲದ ರಾತ್ರಿ ಎಲ್ಲವೂ ಪಾಠಕ್ಕೆ ಸಿಗುವಷ್ಟು ಉಳಿದಿರುತ್ತವೆ. ಅಕ್ಟೋಬರ್‌ನಲ್ಲಿ ಊರು ಸೇರಿದರೆ ಮುಂದಿನ ಜೂನ್‌ಗೆ ಎಂಟು ತಿಂಗಳ ಪರಿಚಯ ಆಗಿರುತ್ತದೆ. ನಿಜವಾದ ಮಳೆಗಾಲವನ್ನು ಎದುರಿಸಲು ಅದು ಬೇಕೇ ಬೇಕು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಿಂದ ನಡೆಸುತ್ತಿರುವ ನಾಟಕ ತಿರುಗಾಟದಲ್ಲೂ ಮಳೆಗಾಲದಲ್ಲಿ ತಾಲೀಮು, ಮಳೆ ಹಿಂದಾದ ಮೇಲೆ ಊರೂರು. ಯಕ್ಷಗಾನ ಮೇಳಗಳೂ ಮಳೆ ಮುಗಿದ ಮೇಲೆಯೇ ಗೆಜ್ಜೆ ಕಟ್ಟಿ ಹೊರಡುತ್ತವೆ.

ಈ ಆರು ವಾರದ ನಡುವೆ ಸಾಮಾನ್ಯವಾಗಿ ಗಣೇಶನ ಹಬ್ಬ ಬೀಳುತ್ತದೆ. ಎರಡು ದಿನ ರಜೆ ಕೊಟ್ಟು ಎಲ್ಲರನ್ನೂ ಮನೆಗೆ ಕಳಿಸಿ. ಹಬ್ಬ ಮುಗಿಸಿ ಯಾರು ಸಮಯಕ್ಕೆ ವಾಪಸಾಗುತ್ತಾರೆ, ಯಾರು ಫೋನಿನಲ್ಲಿ ನೆಪ ಹೇಳುತ್ತಾರೆ ಎಂಬುದು ಆಗಲೇ ತಿಳಿಯುತ್ತದೆ.

ತಾಲೀಮಿನ ಜಾಗ ತೀರ್ಥಹಳ್ಳಿ, ಹೊಸನಗರ ಅಥವಾ ಸಾಗರದ ಘಟ್ಟದಂಚಿನ ಕಡೆ ಇರಲಿ. ಶಿವಮೊಗ್ಗ ನಗರದ ಸಭಾಂಗಣ ಬೇಡ. ನಗರದ ಮಳೆಗೂ, ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆಗೂ ಹೋಲಿಕೆಯೇ ಇಲ್ಲ.

ತಂಡ ಕಟ್ಟುವುದು

ಆರರಿಂದ ಎಂಟು ಜನ ಸಾಕು. ನಾಲ್ಕೇ ಜನರಿದ್ದರೆ ಒಬ್ಬರಿಗೆ ಜ್ವರ ಬಂದು ಇನ್ನೊಬ್ಬರು ನೋಡಿಕೊಳ್ಳಲು ಕೂತರೆ ಅರ್ಧ ತಂಡವೇ ಹೋಯಿತು. ಹತ್ತು ದಾಟಿದರೆ ಬಾಡಿಗೆಗೆ ಮನೆ ಸಿಗುವುದಿಲ್ಲ, ಒಂದು ಜೀಪಿನಲ್ಲಿ ಹಿಡಿಯುವುದಿಲ್ಲ, ಒಳಗೇ ಎರಡು ಬಣ ಹುಟ್ಟುತ್ತವೆ. ಎಲ್ಲರಿಗೂ 18 ತುಂಬಿರಬೇಕು. ಹೆಣ್ಣುಮಕ್ಕಳು ಇದ್ದರೆ ಕನಿಷ್ಠ ಇಬ್ಬರಿರಲಿ, ಒಬ್ಬಳನ್ನೇ ಕಳಿಸಬಾರದು. ಕೆಸರು ದಾರಿಯಲ್ಲಿ ಬೈಕ್ ಓಡಿಸಬಲ್ಲವರು ಇಬ್ಬರು, ಲೆಕ್ಕ ಬರೆಯುವವರು ಒಬ್ಬರು, ಮಲೆನಾಡಿನಲ್ಲೇ ಹುಟ್ಟಿ ಬೆಳೆದವರು ಒಬ್ಬರಾದರೂ ಬೇಕು. ಆ ಕೊನೆಯವರ ಕೆಲಸ ದಾರಿ ತೋರಿಸುವುದಷ್ಟೇ ಎಂದು ತಿಳಿಯಬೇಡಿ. ಊರಿನವರು ಆಡದೆ ಬಿಟ್ಟ ಮಾತು ಅವರ ಕಿವಿಗೇ ಬೀಳುವುದು.

ಆಯ್ಕೆಗೆ ಸಂದರ್ಶನಕ್ಕಿಂತ ಒಂದು ದಿನದ ಕೆಲಸ ಒಳ್ಳೆಯದು. ಬೆಳಿಗ್ಗೆ ಎಂಟು ಕಿಲೋಮೀಟರ್ ನಡಿಗೆ, ಮಧ್ಯಾಹ್ನ ಎಲ್ಲರಿಗೂ ಅಡುಗೆ, ಸಂಜೆ ಒಂದು ತಾಸು ಸುಮ್ಮನೆ ಕೂತು ಊರಿನ ಹಿರಿಯರೊಬ್ಬರ ಮಾತು ಕೇಳುವುದು. ಹಿರಿಯರ ಮಾತಿನ ನಡುವೆ ಮೂರು ಸಲ ಫೋನ್ ನೋಡಿದವರ ಬಗ್ಗೆ ಮತ್ತೊಮ್ಮೆ ಯೋಚಿಸಿ.

ಸೇರಿಸಿಕೊಂಡ ಮೇಲೆ ರಕ್ತದ ಗುಂಪು, ಅಲರ್ಜಿ, ಆಸ್ತಮಾ, ಮೂರ್ಛೆ, ನಿತ್ಯ ತೆಗೆದುಕೊಳ್ಳುವ ಮಾತ್ರೆ ಇವನ್ನು ಬರೆದಿಡಿ. ಧನುರ್ವಾಯು ಚುಚ್ಚುಮದ್ದು ಹಳೆಯದಾಗಿದ್ದರೆ ಮತ್ತೆ ಹಾಕಿಸಿ. ಮನೆಯವರ ಒಪ್ಪಿಗೆಯ ಪತ್ರ, ಒಂದು ವರ್ಷದ ಅಪಘಾತ ವಿಮೆ ಎರಡೂ ತಾಲೀಮಿಗೆ ಮೊದಲೇ ಆಗಬೇಕು.

ಮೂರೇ ಕೆಲಸ

ತಂಡಕ್ಕೆ ಹತ್ತು ಆಸೆ ಇರುತ್ತವೆ: ಶಾಲೆ, ಗಿಡ ನೆಡುವುದು, ಆರೋಗ್ಯ, ಪ್ಲಾಸ್ಟಿಕ್, ಗ್ರಂಥಾಲಯ, ನಾಟಕ. ವರ್ಷಕ್ಕೆ ಮೂರಕ್ಕಿಂತ ಹೆಚ್ಚು ಹಿಡಿಯಬೇಡಿ. ಯಾವ ಮೂರು ಎಂಬುದನ್ನು ತಾಲೀಮಿಗೆ ಒಂದು ತಿಂಗಳು ಮುಂಚೆ ಊರಿಗೆ ಹೋಗಿ ಕೇಳಿ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಶಾಲೆಯ ಮುಖ್ಯ ಶಿಕ್ಷಕರು, ಹಾಲಿನ ಡೇರಿಯ ಕಾರ್ಯದರ್ಶಿ, ಈ ಐವರನ್ನು ಬೇರೆ ಬೇರೆಯಾಗಿ ಭೇಟಿಯಾಗಿ. ಐವರಲ್ಲಿ ಮೂವರು ತಾವಾಗಿ ಹೇಳಿದ ತೊಂದರೆ ಯಾವುದೋ ಅದೇ ನಿಮ್ಮ ಮೊದಲ ಕೆಲಸ. ಪಂಚಾಯ್ತಿಗೆ ಎರಡು ಪ್ರತಿಯಲ್ಲಿ ಪತ್ರ ಕೊಟ್ಟು, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುಂದೆ ‘ಇವರು ಯಾರು, ಯಾಕೆ ಬಂದಿದ್ದಾರೆ’ ಎಂಬ ಪ್ರಶ್ನೆ ಎದ್ದಾಗ ಈ ಒಂದು ಹಾಳೆ ಕೈಹಿಡಿಯುತ್ತದೆ.

ಈ ಲೇಖನದಲ್ಲಿ ಉದಾಹರಣೆಗೆ ಮೂರು ಕೆಲಸ ಇಟ್ಟುಕೊಂಡಿದ್ದೇವೆ: ಕುಡಿಯುವ ಬಾವಿಗಳ ಶುದ್ಧಿ, ಮಂಗನ ಕಾಯಿಲೆಯ ಎಚ್ಚರಿಕೆ, ಮಕ್ಕಳು ಶಾಲೆಗೆ ಹೋಗಲು ಹಳ್ಳ ದಾಟುವ ಕಾಲುಸಂಕಗಳ (ಮರದ ಕಿರುಸೇತುವೆಗಳ) ಉಸ್ತುವಾರಿ.

ಮೊದಲ ವಾರ: ಒಟ್ಟಿಗೆ ಇರುವುದು

ಈ ವಾರ ಊರಿನ ಕೆಲಸ ಯಾವುದೂ ಬೇಡ. ಮನೆ ನಡೆಸುವುದನ್ನೇ ಕಲಿಯಬೇಕು.

ದುಡಿಯುವ ಎಂಟು ಜನಕ್ಕೆ ದಿನಕ್ಕೆ ಅಕ್ಕಿ 3 ಕೆ.ಜಿ., ತೊಗರಿಬೇಳೆ ಅರ್ಧ ಕೆ.ಜಿ., ತರಕಾರಿ 2 ಕೆ.ಜಿ., ಹಾಲು ಒಂದೂವರೆ ಲೀಟರ್, ಎಣ್ಣೆ ಕಾಲು ಲೀಟರ್ ಎಂದು ಹಿಡಿಯಿರಿ. ಹದಿನೈದು ದಿನದ ದಿನಸಿ ಯಾವಾಗಲೂ ಮನೆಯಲ್ಲಿರಬೇಕು, ಮರ ಬಿದ್ದು ರಸ್ತೆ ಕಟ್ಟಿದರೆ ಸಂತೆಗೆ ಹೋಗಲಾಗದು. ಉಪ್ಪು ನೀರೊಡೆಯುತ್ತದೆ, ಬೆಂಕಿಪೊಟ್ಟಣ ತೇವ ಹಿಡಿಯುತ್ತದೆ, ರವೆಗೆ ಹುಳ ಬೀಳುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಗಳಿಗೆ ಮೊದಲೇ ದುಡ್ಡು ಎತ್ತಿಡಿ. ಅಡುಗೆಗೆ ಇಬ್ಬಿಬ್ಬರ ಜೋಡಿ, ಪಾತ್ರೆಗೆ ಬೇರೆ ಜೋಡಿ ಮಾಡಿ. ವಾರಕ್ಕೊಮ್ಮೆ ಜೋಡಿಯೇ ಬದಲಾಗಬೇಕು, ಬರೀ ಸರದಿ ಬದಲಾದರೆ ಸಾಲದು. ಒಂದೇ ಜೋಡಿ ಮುಂದುವರಿದರೆ ತಂಡದೊಳಗೆ ತಂಡ ಹುಟ್ಟುತ್ತದೆ.

ಬಟ್ಟೆಯ ವಿಷಯ ಸಣ್ಣದೆಂದು ಕಾಣುತ್ತದೆ, ಆದರೆ ಮಲೆನಾಡಿನಲ್ಲಿ ಹೊಸಬರ ಹುಮ್ಮಸ್ಸು ಕುಗ್ಗುವುದು ಮೊದಲು ಇಲ್ಲಿಯೇ. ದಪ್ಪ ಜೀನ್ಸ್ ನಾಲ್ಕು ದಿನವಾದರೂ ಒಣಗದು, ಬೂಸ್ಟು ಹಿಡಿಯುತ್ತದೆ. ತೆಳು ಪ್ಯಾಂಟ್ ಮೂರು, ತುಂಬುತೋಳಿನ ಅಂಗಿ ಮೂರು, ಕಾಲುಚೀಲ ಆರು ಜೊತೆ ಇರಲಿ. ಗಮ್‌ಬೂಟು ಅಳತೆಗಿಂತ ಒಂದು ನಂಬರ್ ದೊಡ್ಡದಿರಲಿ. ನಡೆಯುವಾಗ ಕೊಡೆ, ಬೈಕಿಗೆ ರೇನ್‌ಕೋಟು. ಬಚ್ಚಲ ಹಂಡೆಯ ಒಲೆಯ ಮೇಲೆ ಗಳ ಕಟ್ಟಿ ಒಳಬಟ್ಟೆಯನ್ನೂ ಕಾಲುಚೀಲವನ್ನೂ ಅಲ್ಲಿ ಒಣಗಿಸಿ, ಉಳಿದದ್ದು ಜಗುಲಿಯಲ್ಲಿ. ಒಲೆಗೆ ತೀರಾ ಹತ್ತಿರ ಕಟ್ಟಿ ಬೆಂಕಿ ಹತ್ತುವುದೂ ಉಂಟು, ಆಳೆತ್ತರಕ್ಕಿಂತ ಮೇಲಿರಲಿ. ರಾತ್ರಿ ಮಲಗುವ ಮುನ್ನ ಬೆರಳ ಸಂದುಗಳನ್ನು ಒರೆಸಿ ಒಣಗಿಸಬೇಕು. ಹಾಗೆ ಮಾಡದವರ ಬೆರಳ ಸಂದು ಎರಡೇ ವಾರದಲ್ಲಿ ಕೆಸರುಹುಣ್ಣಾಗಿ ನಡೆಯಲಾಗದೆ ಕೂರಬೇಕಾಗುತ್ತದೆ.

ವಾರಕ್ಕೊಂದು ಸಂಜೆ ಕೂತು ಮಾತಾಡುವ ಪದ್ಧತಿಯನ್ನು ಈ ವಾರದಿಂದಲೇ ಹಾಕಿಕೊಳ್ಳಿ. ಒಬ್ಬೊಬ್ಬರಿಗೆ ಮೂರು ನಿಮಿಷ. ಒಬ್ಬರು ಮಾತಾಡುವಾಗ ಉಳಿದವರು ಉತ್ತರ ಕೊಡುವಂತಿಲ್ಲ. ದೂರನ್ನು ‘ನೀನು ಯಾವಾಗಲೂ ಹೀಗೆ’ ಎಂದು ಹೇಳಬಾರದು, ‘ಮಂಗಳವಾರ ರಾತ್ರಿ ಒಲೆ ಒರೆಸದೆ ಬಿಟ್ಟಿದ್ದೆ’ ಎಂದು ದಿನ ಹಿಡಿದು ಹೇಳಬೇಕು. ಎಲ್ಲರ ಮೂರು ನಿಮಿಷ ಮುಗಿದ ಮೇಲೆ ಉತ್ತರ. ಮೊದಲೆರಡು ವಾರ ಎಲ್ಲರೂ ‘ಏನೂ ತೊಂದರೆ ಇಲ್ಲ’ ಎನ್ನುತ್ತಾರೆ. ಹಾಗೆಂದು ಬಿಟ್ಟುಬಿಡಬೇಡಿ, ಮೂರನೇ ವಾರದಲ್ಲಿ ಬಾಯಿ ಬಿಡುತ್ತಾರೆ.

ಎರಡನೇ ವಾರ: ನಡಿಗೆ ಮತ್ತು ನಕ್ಷೆ

ಬಯಲುಸೀಮೆಯ ಊರಿನಂತೆ ಇಲ್ಲಿ ಮನೆಗಳು ಸಾಲಾಗಿರುವುದಿಲ್ಲ. ತೋಟದಾಚೆ ಒಂದು ಮನೆ, ಗುಡ್ಡ ಹತ್ತಿ ಇಳಿದರೆ ಇನ್ನೊಂದು. ಇಪ್ಪತ್ತು ಮನೆಯ ಊರಿಗೆ ಎರಡು ದಿನದ ನಡಿಗೆ ಹಿಡಿಯಬಹುದು. ಫೋನಿನ ನಕ್ಷೆಯಲ್ಲಿ ಕಾಲುದಾರಿಗಳೂ ಇಲ್ಲ, ಸಂಕಗಳೂ ಇಲ್ಲ.

ತಾಲೀಮಿನ ಊರಿನಲ್ಲೇ ನಕ್ಷೆ ಬರೆಯುವುದನ್ನು ಕಲಿಯಿರಿ. ಮೊದಲು ನೂರು ಮೀಟರ್ ಹಗ್ಗ ಅಳೆದು, ಒಬ್ಬೊಬ್ಬರೂ ಅಷ್ಟು ದೂರಕ್ಕೆ ಎಷ್ಟು ಹೆಜ್ಜೆ ಹಾಕುತ್ತಾರೆಂದು ಎಣಿಸಿಟ್ಟುಕೊಳ್ಳಿ. ಏರಿನಲ್ಲಿ ಹೆಜ್ಜೆ ಗಿಡ್ಡವಾಗುತ್ತದೆ, ಆದ್ದರಿಂದ ಸಪಾಟಿನಲ್ಲೊಮ್ಮೆ ಏರಿನಲ್ಲೊಮ್ಮೆ ಎಣಿಸಿ. ದೊಡ್ಡ ಹಾಳೆಯಲ್ಲಿ ಹೊಳೆ, ಹಳ್ಳ, ರಸ್ತೆ ಮೊದಲು ಬರೆದು, ಆಮೇಲೆ ಮನೆ, ಬಾವಿ, ಕಾಲುಸಂಕ, ಕರೆಂಟ್ ಟ್ರಾನ್ಸ್‌ಫಾರ್ಮರ್, ಜೀಪು ಬರುವ ಕೊನೆಯ ಜಾಗ, ಫೋನಿಗೆ ಸಿಗ್ನಲ್ ಸಿಗುವ ಜಾಗ ಗುರುತಿಸಿ. ಕೊನೆಯ ಎರಡು ಬಹಳ ಮುಖ್ಯ. ರಾತ್ರಿ ಯಾರಿಗಾದರೂ ಹಾವು ಕಚ್ಚಿದರೆ 108ಕ್ಕೆ ಎಲ್ಲಿ ನಿಂತು ಕರೆ ಮಾಡಬೇಕು, ಕಂಬಳಿ ಡೋಲಿಯಲ್ಲಿ ಎಲ್ಲಿಯವರೆಗೆ ಹೊತ್ತು ತರಬೇಕು ಎಂಬುದು ಆಗ ಹುಡುಕುವ ವಿಷಯವಲ್ಲ. 108ರ ಜೊತೆಗೆ 112, ಮಕ್ಕಳ ಸಹಾಯವಾಣಿ 1098, ವಿದ್ಯುತ್ ದೂರಿಗೆ 1912, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಂಖ್ಯೆ, ಇಬ್ಬರು ಜೀಪು ಚಾಲಕರ ಸಂಖ್ಯೆ ಇವನ್ನು ಅಡುಗೆಮನೆಯ ಬಾಗಿಲ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ.

ಹಳ್ಳ ದಾಟುವ ನಿಯಮಕ್ಕೆ ವಿನಾಯಿತಿ ಇಲ್ಲ. ನೀರು ಕೆಂಪಗೆ ಹರಿಯುತ್ತಿದ್ದರೆ, ಮೊಣಕಾಲು ಮುಟ್ಟುವಷ್ಟಿದ್ದರೆ, ಅಥವಾ ತರಗೆಲೆ ಕಡ್ಡಿ ತೇಲಿಬರುತ್ತಿದ್ದರೆ ದಾಟಬಾರದು. ಮೇಲೆ ಗುಡ್ಡದಲ್ಲಿ ಮಳೆಯಾಗಿ ಕೆಳಗೆ ಬಿಸಿಲಿರುವಾಗಲೇ ನೀರು ದಿಢೀರನೆ ಏರುವುದು. ಆ ರಾತ್ರಿ ಈಚೆ ದಡದ ಮನೆಯಲ್ಲಿ ಮಲಗಿದರೆ ಯಾರಿಗೂ ನಷ್ಟವಿಲ್ಲ. ಇಂಬಳಕ್ಕೆ ಉಪ್ಪಿನ ಸಣ್ಣ ಗಂಟೊಂದನ್ನು ಕೋಲಿನ ತುದಿಗೆ ಕಟ್ಟಿಕೊಂಡು ಮುಟ್ಟಿಸಿದರೆ ಉದುರುತ್ತದೆ. ಕಿತ್ತು ಎಳೆದರೆ ಗಾಯ ತುರಿಸಿ ಕೀವಾಗುತ್ತದೆ. ಕಾಲಲ್ಲಿ ಗಾಯವಿರುವವರು ಗದ್ದೆಯ ನೀರಿಗೆ ಇಳಿಯಬಾರದು. ಇಲಿಜ್ವರದ ಸೋಂಕು ಅಂಥ ಗಾಯದ ಮೂಲಕ ಒಳಸೇರುತ್ತದೆ.

ಕಾಲುಸಂಕದ ಪರೀಕ್ಷೆಯನ್ನೂ ಇದೇ ವಾರ ಕಲಿಯಿರಿ. ಅಡಿಕೆ ಮರದ ಸಂಕ ನಡುವೆ ಗಟ್ಟಿಯಾಗಿ ಕಂಡರೂ ಮಣ್ಣಿಗೆ ತಾಗುವ ಎರಡು ತುದಿಯಲ್ಲಿ ಮೊದಲು ಕೊಳೆಯುತ್ತದೆ. ಕತ್ತಿಯ ಮೊನೆಯಿಂದ ತುದಿಗೆ ಚುಚ್ಚಿ ನೋಡಿ. ಒಂದು ಬೆರಳಿನಷ್ಟು ಸಲೀಸಾಗಿ ಇಳಿದರೆ ಆ ಮರ ಬದಲಿಸಬೇಕು. ಹಿಡಿಕೆ ಒಂದು ಕಡೆಯಾದರೂ ಇರಲಿ, ಅದು ಮಗುವಿನ ಎದೆಮಟ್ಟಕ್ಕೆ ಇರಲಿ. ದೊಡ್ಡವರ ಸೊಂಟದ ಅಳತೆಗೆ ಕಟ್ಟಿದ ಹಿಡಿಕೆ ಒಂದನೇ ತರಗತಿಯ ಮಗುವಿನ ಕೈಗೆ ಎಟುಕುವುದಿಲ್ಲ. ಪಾಚಿ ಕೆರೆದು, ತೆಂಗಿನ ಹುರಿಯನ್ನು ಗೇಣಿಗೊಂದು ಸುತ್ತು ಬಿಗಿದರೆ ಜಾರಿಕೆ ತಗ್ಗುತ್ತದೆ. ಇದು ಮೇ ಕೊನೆಯೊಳಗೆ, ಶಾಲೆ ಶುರುವಾಗುವ ಮೊದಲು ಮುಗಿಯಬೇಕಾದ ಕೆಲಸ. ತುಂಬ ಕೆಟ್ಟ ಸಂಕಗಳ ಫೋಟೋ, ಅಗಲ, ದಿನಕ್ಕೆ ದಾಟುವ ಮಕ್ಕಳ ಸಂಖ್ಯೆ ಬರೆದು ಪಂಚಾಯ್ತಿಗೆ ಕೊಡಿ. ಅವಕ್ಕೆ ಶಾಶ್ವತ ಸೇತುವೆಯೇ ಬೇಕು, ತಂಡದ ಹಗ್ಗ ಉತ್ತರವಾಗದು.

ಮೂರನೇ ವಾರ: ಜ್ವರ, ಹಾವು, ಬಾವಿ

ಈ ವಾರದ ಎರಡು ದಿನಕ್ಕೆ ಹತ್ತಿರದ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನೂ ಆಶಾ ಕಾರ್ಯಕರ್ತೆಯನ್ನೂ ಮುಂಚಿತವಾಗಿ ಕೇಳಿಕೊಳ್ಳಿ.

ಮಂಗನ ಕಾಯಿಲೆಗೆ ಹುಟ್ಟೂರು ಇದೇ ಶಿವಮೊಗ್ಗ ಜಿಲ್ಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾಯಿತು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗ ಅದರಿಂದ ನಲುಗಿತು. ವೈರಸ್ಸನ್ನು ಹರಡುವುದು ರಕ್ತ ಹೀರುವ ಉಣುಗು (ಉಣ್ಣೆ). ಅದರ ಮರಿಗಳು ಚುರುಕಾಗುವುದು ಮಳೆ ಮುಗಿದ ಮೇಲೆ, ಹೆಚ್ಚು ಪ್ರಕರಣ ಬರುವುದು ಡಿಸೆಂಬರ್‌ನಿಂದ ಮೇವರೆಗೆ. ದರಕು (ಒಣಗಿದ ಎಲೆ) ಗುಡಿಸಲು, ಸೌದೆ ತರಲು ಜನ ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ. ‘ಕಾಡಿಗೆ ಹೋಗಬೇಡಿ’ ಎನ್ನುವ ಕರಪತ್ರ ಅದಕ್ಕೇ ಕೆಲಸಕ್ಕೆ ಬರುವುದಿಲ್ಲ. ದರಕು ಇಲ್ಲದೆ ಕೊಟ್ಟಿಗೆ ನಡೆಯದು, ಗೊಬ್ಬರವಿಲ್ಲದೆ ತೋಟ ನಡೆಯದು. ತಂಡ ಹೇಳಬೇಕಾದ್ದು ಹೋಗುವ ರೀತಿಯನ್ನು.

ಹೊರಡುವ ಮೊದಲು ಆರೋಗ್ಯ ಇಲಾಖೆ ಹಂಚುವ, ಉಣುಗನ್ನು ದೂರವಿಡುವ ಡೆಪಾ ತೈಲವನ್ನು ಕೈ, ಕಾಲು, ಕುತ್ತಿಗೆಗೆ ಹಚ್ಚಬೇಕು. ಕಣ್ಣು ಬಾಯಿಗೆ ತಾಗದಿರಲಿ. ತುಂಬುತೋಳಿನ ಅಂಗಿ ತೊಟ್ಟು ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಬೇಕು. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈ ಬಿಸಿನೀರು ಸೋಪಿಗೆ. ಮೊಣಕಾಲಿನ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಬೇಕು. ಉಣುಗಿನ ಮರಿ ಎಳ್ಳಿಗಿಂತ ಸಣ್ಣದಿರಬಹುದು. ಕಚ್ಚಿ ಹಿಡಿದಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಅಂಟಿದ ಜಾಗದಲ್ಲೇ ಹಿಡಿದು ನೇರ ಮೇಲಕ್ಕೆ ಎಳೆಯಬೇಕು. ಬೆಂಕಿ ತಾಗಿಸುವುದು, ಸೀಮೆಎಣ್ಣೆ ಹಾಕುವುದು, ಉಗುರಲ್ಲಿ ಹಿಸುಕುವುದು ಬೇಡ. ಸತ್ತ ಮಂಗ ಕಂಡರೆ ಮುಟ್ಟಬಾರದು, ಆ ಜಾಗಕ್ಕೆ ಮಕ್ಕಳನ್ನೂ ದನಗಳನ್ನೂ ಬಿಡಬಾರದು. ಜಾಗದ ಗುರುತು ಹಿಡಿದು ಅಂದೇ ಆರೋಗ್ಯ ಕೇಂದ್ರಕ್ಕೂ ಪಂಚಾಯ್ತಿಗೂ ತಿಳಿಸಬೇಕು.

ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಚಳಿಯೊಂದಿಗೆ ದಿಢೀರ್ ಜ್ವರ, ಹಣೆ ಒಡೆಯುವಂಥ ತಲೆನೋವು, ಮೈಕೈ ನೋವು ಬರುತ್ತದೆ. ಕೆಲವರಿಗೆ ರಕ್ತಸ್ರಾವವೂ ಆಗುತ್ತದೆ. ವೈರಸ್ಸಿಗೇ ಎಂದು ಔಷಧವಿಲ್ಲ, ಹಾಗಾಗಿ ಬೇಗ ಆಸ್ಪತ್ರೆ ಸೇರುವುದರಲ್ಲೇ ಜೀವ ಉಳಿಯುವುದು. ಜ್ವರ ಇಳಿದು ಒಂದೆರಡು ವಾರಕ್ಕೆ ಮರುಕಳಿಸುವುದೂ ಇದೆ, ಆದ್ದರಿಂದ ಗುಣವಾದವರ ಮನೆಗೆ ಎರಡು ವಾರದ ಮೇಲೆ ಮತ್ತೆ ಹೋಗಿ ಬನ್ನಿ. ಇನ್ನೊಂದು ಮಾತನ್ನು ಊರಲ್ಲಿ ಪದೇಪದೇ ಹೇಳಬೇಕು: ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಕಾಯಿಲೆ ಬಂದ ಮನೆಯನ್ನು ದೂರ ಇಡುವುದು ಕಂಡರೆ ತಂಡದವರು ಆ ಮನೆಯ ಜಗುಲಿಯಲ್ಲಿ ಕೂತು ಚಹಾ ಕುಡಿದು ಬರಲಿ.

ಹಾವಿನ ಕಡಿತಕ್ಕೆ ಕಲಿಯಬೇಕಾದ್ದು ಹೆಚ್ಚಿಲ್ಲ, ಬಿಡಬೇಕಾದ್ದೇ ಹೆಚ್ಚು. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಚೀಪಬೇಡಿ, ಹಾವನ್ನು ಹುಡುಕಿ ಹೊಡೆಯಬೇಡಿ. ಉಂಗುರ, ಬಳೆ, ಕಾಲುಗೆಜ್ಜೆ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಅಡಿಕೆ ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿ. ನಡೆಸದೆ ಹೊತ್ತು ಜೀಪಿಗೆ ತನ್ನಿ. ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಮಲೆನಾಡಿನ ಗುಳಿಮಂಡಲಗಳಿಗೂ ಕಾಳಿಂಗಕ್ಕೂ ಅಲ್ಲ. ಆದರೂ ಕಚ್ಚಿದ್ದು ಯಾವುದಾದರೂ ಆಸ್ಪತ್ರೆಗೇ ಹೋಗಬೇಕು. ಯಾವುದು ಕಚ್ಚಿತೆಂದು ತೀರ್ಮಾನಿಸುವುದು ತಂಡದ ಕೆಲಸವಲ್ಲ. ಹೃದಯ ನಿಂತವರಿಗೆ ಎದೆ ಒತ್ತುವುದನ್ನು ಗೊಂಬೆಯ ಮೇಲೆ ಎಲ್ಲರೂ ಮಾಡಿ ಕಲಿಯಬೇಕು. ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್, 30 ಒತ್ತಿಗೆ 2 ಉಸಿರು. ಎರಡು ನಿಮಿಷಕ್ಕೇ ಕೈ ಸೋಲುತ್ತದೆ, ಆಳ ಕಡಿಮೆಯಾಗುತ್ತದೆ. ಆದ್ದರಿಂದ ಇಬ್ಬರು ಸರದಿ ಬದಲಿಸುವುದನ್ನೂ ಅಭ್ಯಾಸ ಮಾಡಿ.

ಬಾವಿಯ ಲೆಕ್ಕವನ್ನು ಎಲ್ಲರೂ ತಮ್ಮ ಕೈಯಲ್ಲೇ ಮಾಡಲಿ. ಬಾವಿಯ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ ನಾಲ್ಕರಿಂದ ಭಾಗಿಸಿ. ಎಲ್ಲ ಅಳತೆ ಮೀಟರಿನಲ್ಲಿ. ಬಂದದ್ದನ್ನು ಸಾವಿರದಿಂದ ಗುಣಿಸಿದರೆ ಲೀಟರ್. ಎರಡೂವರೆ ಮೀಟರ್ ವ್ಯಾಸದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 19,600 ಲೀಟರ್. ಒಳ್ಳೆಯ ಬ್ಲೀಚಿಂಗ್ ಪುಡಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಅಂದರೆ ಈ ಬಾವಿಗೆ ಹತ್ತಿರಹತ್ತಿರ 50 ಗ್ರಾಂ. ಪುಡಿಯನ್ನು ನೇರ ಸುರಿಯಬಾರದು. ಬಕೆಟ್‌ನಲ್ಲಿ ಸ್ವಲ್ಪ ನೀರಿಗೆ ಹಾಕಿ ಹಿಟ್ಟು ಕಲಸಿದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ತಿಳಿಯಾಗಲು ಬಿಡಿ. ತಿಳಿನೀರನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಗಿಳಿಸಿ ನೀರೊಳಗೆ ಮುಳುಗಿಸಿ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣದ ಗಸಿ ಬಾವಿಗೆ ಬೀಳಬಾರದು, ನೀರು ಗಡುಸಾಗುತ್ತದೆ. ಕನಿಷ್ಠ ಒಂದು ತಾಸು ಯಾರೂ ಸೇದಬಾರದು, ರಾತ್ರಿ ಹಾಕಿದರೆ ಎಲ್ಲರಿಗೂ ಅನುಕೂಲ. ತಾಸಿನ ಮೇಲೆ ಕ್ಲೋರಿನ್ ಪರೀಕ್ಷೆಯ ಕಿಟ್ಟಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಕಾಣಬೇಕು. ಮಳೆಗಾಲದ ಕಲಕು ನೀರಿನಲ್ಲಿ ಕಿಟ್ಟಿನಲ್ಲಿ ಅಷ್ಟು ಕ್ಲೋರಿನ್ ತೋರಿಸುವ ಬಣ್ಣ ಎಷ್ಟೋ ಸಲ ಬರುವುದಿಲ್ಲ, ಆಗ ಪುಡಿ ಹೆಚ್ಚಿಸಿ ಮತ್ತೆ ಪರೀಕ್ಷಿಸಬೇಕು.

ಇಲ್ಲಿ ಹೆಚ್ಚು ಕೆಡುವುದು ಪುಡಿಯೇ. ಮಲೆನಾಡಿನ ತೇವಕ್ಕೆ ಬಾಯಿ ಬಿಚ್ಚಿದ ಚೀಲದ ಬ್ಲೀಚಿಂಗ್ ಕೆಲವೇ ವಾರದಲ್ಲಿ ಬರೀ ಸುಣ್ಣವಾಗುತ್ತದೆ. 25 ಕೆ.ಜಿ. ಚೀಲ ಅಗ್ಗವೆಂದು ತರಬೇಡಿ, ಸಣ್ಣ ಪೊಟ್ಟಣ ತಂದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕತ್ತಲಲ್ಲಿಡಿ. ಲೋಹದ ಡಬ್ಬಿ ತುಕ್ಕು ಹಿಡಿದು ತೂತಾಗುತ್ತದೆ.

ನಾಲ್ಕನೇ ವಾರ: ಮನೆಗೆ ಹೋಗುವುದು

ದಣಪೆ (ಬೇಲಿಯ ಅಡ್ಡಗಳ) ಸರಿಸಿ ಒಳಹೋದರೆ ಮತ್ತೆ ಹಾಕಿ ಬನ್ನಿ. ಮರೆತರೆ ದನ ತೋಟಕ್ಕೆ ನುಗ್ಗುತ್ತದೆ, ನಿಮ್ಮ ವರ್ಷದ ಹೆಸರು ಅಲ್ಲಿಗೇ ಕೆಡುತ್ತದೆ. ಅಂಗಳದಿಂದಲೇ ಕೂಗಿ ಕರೆಯಿರಿ, ನಾಯಿ ಕಟ್ಟಲು ಸಮಯ ಕೊಡಿ. ನೀರು ಬೆಲ್ಲ ಕೊಟ್ಟರೆ ಬೇಡ ಅನ್ನಬೇಡಿ. ಮೊದಲ ಭೇಟಿಯಲ್ಲಿ ಪುಸ್ತಕ ತೆರೆದು ಬರೆಯುವುದೂ ಫೋಟೋ ತೆಗೆಯುವುದೂ ಬೇಡ. ‘ನಿಮ್ಮ ಸಮಸ್ಯೆ ಏನು’ ಎಂದು ಕೇಳಿದರೆ ‘ಎಂಥದೂ ಇಲ್ಲ’ ಎನ್ನುತ್ತಾರೆ. ‘ಹೋದ ಮಳೆಗಾಲದಲ್ಲಿ ಬಾವಿ ನೀರು ಹೇಗಿತ್ತು’ ಎಂದು ಕೇಳಿದರೆ ಅರ್ಧ ತಾಸು ಮಾತಾಡುತ್ತಾರೆ. ಈ ವ್ಯತ್ಯಾಸವನ್ನು ತಂಡದೊಳಗೇ ಒಬ್ಬರು ಮನೆಯವರಾಗಿ, ಇಬ್ಬರು ಬಂದವರಾಗಿ ಆಡಿ ಕಲಿಯಿರಿ.

ಇಲ್ಲಿಯ ಜನ ಮುಖಕ್ಕೆ ‘ಇಲ್ಲ’ ಎನ್ನುವುದಿಲ್ಲ. ‘ಮಾಡನ, ನೋಡನ’ ಎನ್ನುತ್ತಾರೆ. ದಿನ ಕೇಳಿದಾಗ ಮೂರು ಸಲವೂ ದಿನ ಹೇಳದಿದ್ದರೆ ಅದು ‘ಬೇಡ’ ಎಂದೇ ತಿಳಿದು ಗೌರವದಿಂದ ಬಿಡಿ. ಆದರೆ ತಂಡದವರು ಮಾತ್ರ ‘ನೋಡ್ತೀವಿ’ ಎನ್ನುವಂತಿಲ್ಲ. ಆಗುತ್ತದೆ, ಆಗುವುದಿಲ್ಲ, ಇಂಥ ದಿನ ತಿಳಿಸುತ್ತೇವೆ, ಈ ಮೂರರಲ್ಲಿ ಒಂದು. ಹೇಳಿದ್ದೆಲ್ಲ ‘ಮಾತಿನ ಪುಸ್ತಕ’ಕ್ಕೆ ಹೋಗಬೇಕು: ದಿನ, ಮನೆ, ಕೊಟ್ಟ ಮಾತು, ಯಾವಾಗಿನೊಳಗೆ, ಯಾರು, ಆಯಿತೇ. ಪ್ರತಿ ರಾತ್ರಿ ಊಟದ ಮುಂಚೆ ಆ ಪುಸ್ತಕವನ್ನು ಗಟ್ಟಿಯಾಗಿ ಓದಬೇಕು. ಎಲ್ಲ ದಾಖಲೆಗಳಲ್ಲಿ ಒಂದನ್ನೇ ಇಡುವಂತಿದ್ದರೆ ಇದನ್ನೇ ಇಡಿ.

ಎರಡು ವಿಷಯಕ್ಕೆ ತಂಡ ಮೊದಲೇ ಒಂದು ತೀರ್ಮಾನಕ್ಕೆ ಬಂದಿರಬೇಕು. ಒಂದು ಜಾತಿಯದು. ಯಾವುದಾದರೂ ಮನೆಯಲ್ಲಿ ತಂಡದ ಒಬ್ಬರನ್ನು ಬೇರೆ ಕೂರಿಸಿದರೆ ಎಲ್ಲರೂ ಅವರ ಪಕ್ಕಕ್ಕೇ ಹೋಗಿ ಕೂರುವುದು. ಜಗಳ ಬೇಡ, ಭಾಷಣ ಬೇಡ, ಆದರೆ ಯಾರೂ ಒಳಗೆ ಉಳಿಯಬಾರದು. ಆ ಹೊತ್ತಿನಲ್ಲಿ ಯೋಚಿಸಲು ಸಮಯ ಸಿಗುವುದಿಲ್ಲ, ಆದ್ದರಿಂದ ತಾಲೀಮಿನಲ್ಲೇ ಮಾತಾಗಿರಬೇಕು. ಎರಡನೆಯದು ಮಕ್ಕಳದು. ಶಾಲೆಯಲ್ಲಾಗಲಿ ಹಾಸ್ಟೆಲಿನಲ್ಲಾಗಲಿ ಒಬ್ಬರೇ ದೊಡ್ಡವರು ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರಬಾರದು. ಮಕ್ಕಳ ಫೋಟೋ ಹಂಚಬಾರದು. ಮಗು ತನಗಾದ ಕಿರುಕುಳ ಹೇಳಿಕೊಂಡರೆ ಗುಟ್ಟಾಗಿಡುವ ಮಾತು ಕೊಡಬಾರದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯಡಿ ತಿಳಿದವರು ತಿಳಿಸಲೇಬೇಕು.

ಕೊನೆಯ ಎರಡು ವಾರ

ಐದನೇ ವಾರ ಲೆಕ್ಕಕ್ಕೂ ಕೈಕೆಲಸದ ಅಭ್ಯಾಸಕ್ಕೂ. ಹಣದ ಪುಸ್ತಕ ದಿನವೂ ಬರೆಯಬೇಕು, ಬರೆಯುವವರು ಒಬ್ಬರು, ದುಡ್ಡು ಹಿಡಿಯುವವರು ಇನ್ನೊಬ್ಬರು. ಎರಡು ತಿಂಗಳ ಖರ್ಚು ಯಾವಾಗಲೂ ಮುಟ್ಟದ ಗಂಟಾಗಿರಲಿ. ಊರಿನವರಿಂದ ನಗದು ಬೇಡ. ಅಕ್ಕಿ, ಬಾಳೆಗೊನೆ, ಹಗ್ಗ ಕೊಟ್ಟರೆ ಪಡೆದು ಬರೆದಿಡಿ. ಮೂರು ತಿಂಗಳಿಗೊಮ್ಮೆ ಲೆಕ್ಕದ ಹಾಳೆಯನ್ನು ಪಂಚಾಯ್ತಿಯ ಫಲಕಕ್ಕೆ ಅಂಟಿಸಿ.

ಆರನೇ ವಾರ ಪರಿಚಯವಿಲ್ಲದ ಊರಿನಲ್ಲಿ ನಾಲ್ಕು ದಿನ ಕಳೆಯಿರಿ, ತರಬೇತಿದಾರರು ಜೊತೆಗಿರಬಾರದು. ಹತ್ತು ಮನೆ ಭೇಟಿ, ಒಂದು ನಕ್ಷೆ, ಎರಡು ಬಾವಿ, ಒಂದು ಸಂಕ. ವಾಪಸು ಬಂದ ಮೇಲೆ ತರಬೇತಿದಾರರು ಆ ಊರಿಗೆ ಹೋಗಿ, ತಂಡ ಏನು ಹೇಳಿ ಹೋಯಿತು ಎಂದು ಮೂರು ಮನೆಯಲ್ಲಿ ವಿಚಾರಿಸಿ, ಮಾತಿನ ಪುಸ್ತಕದೊಂದಿಗೆ ತಾಳೆ ನೋಡಬೇಕು. ತಂಡ ಬಿಡಬೇಕಾದವರು ಇದ್ದರೆ ಈ ಹಂತದಲ್ಲೇ ಬಿಡಲಿ. ನಾಚಿಕೆಗೆ ಉಳಿದವರು ಫೆಬ್ರವರಿಯಲ್ಲಿ ಹೋಗುತ್ತಾರೆ, ಆಗ ತುಂಬಲು ಜನ ಸಿಗರು.

ಊರು ಸೇರಿದ ಮೇಲೆ

ಗದ್ದೆಯಲ್ಲಿ ಭೂಮಿಗೆ ಪೂಜೆ ಮಾಡುವ ಅಕ್ಟೋಬರ್‌ನ ಭೂಮಿ ಹುಣ್ಣಿಮೆ ಸಿಕ್ಕರೆ ಕರೆದ ಮನೆಯವರ ಜೊತೆ ಗದ್ದೆಗೆ ಹೋಗಿ ಬನ್ನಿ. ಮೊದಲ ನಲವತ್ತು ದಿನ ಸಭೆ ಕರೆಯಬೇಡಿ. ಅಡಿಕೆ ಕೊನೆಕೊಯ್ಲು ಶುರುವಾಗಿ ರಾತ್ರಿ ಹತ್ತರವರೆಗೆ ಅಂಗಳದಲ್ಲಿ ಸುಲಿಯುತ್ತಿರುತ್ತಾರೆ, ಅದಕ್ಕಿಂತ ಒಳ್ಳೆಯ ಸಭೆ ಇಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಿಡಿಯಲು ಬಾರದಿದ್ದರೆ ಸುಲಿದ ಅಡಿಕೆ ಆರಿಸಿ ಕೊಡಿ. ಹಳೆಯ ಮುಯ್ಯಾಳಿನ ಪದ್ಧತಿಯಲ್ಲಿ ಇಂದು ನಿಮ್ಮ ಮನೆಗೆ ನಾನು, ನಾಳೆ ನನ್ನ ಮನೆಗೆ ನೀವು. ಎರಡು ರಾತ್ರಿ ಅಡಿಕೆ ಆರಿಸಿದ ಮೇಲೆ ಬಾವಿಯ ಮಾತು ತೆಗೆದರೆ ಮನೆಯವರೇ ಹಗ್ಗ ತರುತ್ತಾರೆ.

ಫೆಬ್ರವರಿ ಮಾರ್ಚ್‌ನಲ್ಲಿ ತಂಡ ಸೊರಗುತ್ತದೆ. ಹೊಸತನ ಮುಗಿದಿರುತ್ತದೆ, ಕಾಯಿಲೆಯ ಭಯವೂ ಹೆಚ್ಚು. ಆ ಎರಡು ತಿಂಗಳಿಗೆ ತಲಾ ನಾಲ್ಕು ದಿನ ರಜೆ ಮೊದಲೇ ಹಂಚಿಡಿ, ಇಬ್ಬರಿಗಿಂತ ಹೆಚ್ಚು ಜನ ಒಮ್ಮೆಗೇ ಹೋಗದಂತೆ.

ಜುಲೈನಿಂದ ಹೊಸ ಕೆಲಸ ಹಿಡಿಯಬೇಡಿ. ಪ್ರತಿ ಬಾವಿಗೂ ನೋಡಿಕೊಳ್ಳುವ ಇಬ್ಬರನ್ನು ಊರಿನವರೇ ಆರಿಸಲಿ, ಅವರಲ್ಲಿ ಒಬ್ಬರು ನೀರು ಸೇದುವ ಹೆಂಗಸಾಗಿರಲಿ. ತಂಡ ಪಕ್ಕದಲ್ಲಿ ನಿಂತು ನೋಡುತ್ತಿರುವಂತೆ ಅವರು ಮೂರು ಸಲ ತಾವೇ ಪುಡಿ ಹಾಕಬೇಕು. ದಿನಸಿ ಅಂಗಡಿಯ ತಕ್ಕಡಿಯಲ್ಲಿ ಅವರ ಮನೆಯ ಚಮಚವನ್ನೇ ತೂಗಿ, ಒಂದು ಮಟ್ಟಚಮಚಕ್ಕೆ ಎಷ್ಟು ಗ್ರಾಂ ಎಂದು ನೋಡಿಕೊಳ್ಳಿ. ಬಾವಿಕಟ್ಟೆಯ ಒಳಮೈಗೆ ಮೀಟರಿನ ಗೆರೆ ಎಳೆದು, ಹೊರಮೈಗೆ ಬಣ್ಣದಲ್ಲಿ ‘ನೀರು ಈ ಗೆರೆಗಿದ್ದರೆ ಇಷ್ಟು ಚಮಚ’ ಎಂದು ಬರೆಯಿರಿ. ನಕ್ಷೆಯ ಒಂದು ಪ್ರತಿ ಪಂಚಾಯ್ತಿಗೆ, ಒಂದು ಆಶಾ ಕಾರ್ಯಕರ್ತೆಗೆ, ಒಂದು ಶಾಲೆಗೆ. ಮಾತಿನ ಪುಸ್ತಕದಲ್ಲಿ ಆಗದೆ ಉಳಿದವನ್ನು ಬೇರೆ ಹಾಳೆಗೆ ಇಳಿಸಿ, ಆ ಮನೆಗಳಿಗೆ ಖುದ್ದು ಹೋಗಿ ‘ಇದು ನಮ್ಮಿಂದ ಆಗಲಿಲ್ಲ’ ಎಂದು ಹೇಳಿ ಬನ್ನಿ. ಬಾಡಿಗೆ ಮನೆಯ ಅಡುಗೆಕೋಣೆಗೆ ಸುಣ್ಣ ಬಳಿದು ಬೀಗದ ಕೈ ಕೊಡಿ. ಕ್ಲೋರಿನ್ ಕಿಟ್, ಎರಡು ಬಕೆಟ್, ಹಗ್ಗವನ್ನು ಬಾವಿಯ ಹತ್ತಿರದ ಮನೆಯಲ್ಲಿಡಿ.